ನಿದ್ದೆಯಲ್ಲಿ ಆಮ್ಲಜನಕ ಬೇಕಾಗುವ ಮಗುವಿಗೆ ವಾರಕ್ಕೆ ಐದು ಥೆರಪಿ: ಎಷ್ಟು ಮಾಡಿಸಬೇಕು, ಯಾವಾಗ ನಿಲ್ಲಿಸಬೇಕು?

ಅರಸೀಕೆರೆಯ ತಾಯಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಬೇಕೆಂದು ಮೂರು ರಾತ್ರಿಗಳಿಂದ ಕುಳಿತುಕೊಳ್ಳುತ್ತಿದ್ದೇನೆ. ಪ್ರತಿ ಸಲವೂ ಮಗಳ ಕಾಲ್ಬೆರಳಿಗೆ ಕಟ್ಟಿದ, ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಕೂಗಿಕೊಂಡು ಎದ್ದು ಹೋಗಬೇಕಾಯಿತು.

ನನ್ನ ಮಗಳು 27 ವಾರಕ್ಕೇ ಹುಟ್ಟಿದವಳು. ಹುಟ್ಟಿದಾಗ 910 ಗ್ರಾಂ ಇದ್ದಳು. ಮೂರು ತಿಂಗಳಿಗೂ ಹೆಚ್ಚು ಕಾಲ ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುವಿನಲ್ಲಿದ್ದು, ಆಮ್ಲಜನಕದ ಯಂತ್ರದೊಂದಿಗೆ ಮನೆಗೆ ಬಂದಳು. ಈಗ ಅವಳಿಗೆ 19 ತಿಂಗಳು. ದಿನ ತುಂಬಿ ಹುಟ್ಟಿದ್ದರೆ 16 ತಿಂಗಳು ಆಗಿರುತ್ತಿತ್ತು. ಎಚ್ಚರವಾಗಿರುವಾಗ ಆಮ್ಲಜನಕ ಬೇಕಾಗುವುದಿಲ್ಲ, ನಿದ್ದೆಯಲ್ಲಿ ಬೇಕು. ಆಹಾರದ ಬಹುಪಾಲು ಮೂಗಿನ ನಳಿಕೆಯಿಂದಲೇ ಹೋಗುತ್ತದೆ. ಮೆದುಳಿನ ಬಿಳಿಯ ಭಾಗಕ್ಕೆ ಪೆಟ್ಟಾಗಿದೆ ಎಂದು ಎಂಆರ್‌ಐಯಲ್ಲಿ ತಿಳಿದಿದ್ದು, ಎರಡೂ ಕಾಲುಗಳು ಬಿಗಿಯಾಗಿವೆ. ಕತ್ತು ಚೆನ್ನಾಗಿ ನಿಂತಿದೆ, ಕವುಚಿಕೊಳ್ಳುತ್ತಾಳೆ, ಆಸರೆ ಕೊಟ್ಟರೆ ಕೂರುತ್ತಾಳೆ. ನನ್ನ ಧ್ವನಿ ಕೇಳಿದರೆ ಇಡೀ ಮೈ ನಗುತ್ತದೆ.

ಸೋಮವಾರ ಮತ್ತು ಗುರುವಾರ ಹಾಸನದಲ್ಲಿ ಫಿಸಿಯೋಥೆರಪಿ ಹಾಗೂ ಕೈಬಳಕೆ, ದಿನನಿತ್ಯದ ಕೆಲಸ ಕಲಿಸುವ ಆಕ್ಯುಪೇಷನಲ್ ಥೆರಪಿ, ಶನಿವಾರ ನುಂಗುವುದನ್ನು ಕಲಿಸುವ ಥೆರಪಿ. ಬಸ್ಸಿನಲ್ಲಿ ಒಂದು ಗಂಟೆಯ ಮೇಲಾಗುತ್ತದೆ. ದಾರಿಯಲ್ಲಿ ಅವಳು ನಿದ್ದೆ ಹೋದರೆ ಆಮ್ಲಜನಕ ಕೊಡಬೇಕು, ಆದರೆ ಮಗು, ಚೀಲ, ಸಿಲಿಂಡರ್ ಮೂರನ್ನೂ ಹೊತ್ತು ಬಸ್ಸು ಹತ್ತುವುದು ನನ್ನೊಬ್ಬಳಿಂದ ಆಗದು. ಆದ್ದರಿಂದ ಹೋಗುವಾಗಲೂ ಬರುವಾಗಲೂ ಅವಳ ಕೆನ್ನೆ ತಟ್ಟುತ್ತಾ, ಹಾಡುತ್ತಾ, ಕಿಟಕಿಯ ಗಾಳಿಗೆ ಮುಖವೊಡ್ಡಿಸುತ್ತಾ, ಕಣ್ಣು ಮುಚ್ಚದಂತೆ ನೋಡಿಕೊಳ್ಳುತ್ತೇನೆ. ಅಲ್ಲಿಗೆ ಹೋದ ಮೇಲೆ ಅಳುತ್ತಾಳೆ, ಅತ್ತರೆ ವಾಂತಿಯಾಗುತ್ತದೆ, ವಾಂತಿಯಾದರೆ ಆ ಹೊತ್ತಿನ ಹಾಲು ಹೋದಂತೆಯೇ.

ಮೊನ್ನೆ ಒಂದು ದಿನದ ಲೆಕ್ಕ ಬರೆದು ನೋಡಿದೆ. ಹಗಲಿನಲ್ಲಿ ಆರು ಸಲ ನಳಿಕೆಯಿಂದ ಆಹಾರ, ಸಲಕ್ಕೆ 40 ನಿಮಿಷ. ಪ್ರತಿ ಸಲಕ್ಕೂ ಮುಂಚೆ ಬಾಯಿಯ ವ್ಯಾಯಾಮ 10 ನಿಮಿಷ. ಕಾಲಿನ ವ್ಯಾಯಾಮ ಅರ್ಧ ಗಂಟೆಯಂತೆ ಎರಡು ಸಲ, ಕೈಯದು 20 ನಿಮಿಷದಂತೆ ಎರಡು ಸಲ, ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್ 10 ನಿಮಿಷದಂತೆ ಮೂರು ಸಲ. ಒಟ್ಟು ಏಳು ಗಂಟೆಗೂ ಹೆಚ್ಚು. ಅವಳು ಹಗಲಿನಲ್ಲಿ ಎಚ್ಚರವಾಗಿರುವುದೇ ಸುಮಾರು ಹತ್ತು ಗಂಟೆ.

ಶ್ರಾವಣದಲ್ಲಿ ನ್ಯುಮೋನಿಯಾ ಆಗಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದೆವು. 7.4 ಕಿಲೋ ಇದ್ದವಳು 6.9ಕ್ಕೆ ಇಳಿದು, ಈಗ 7.1ರಲ್ಲಿದ್ದಾಳೆ. ಮೂರು ವಾರ ಥೆರಪಿ ತಪ್ಪಿದ್ದಕ್ಕೆ ಒಬ್ಬ ಥೆರಪಿಸ್ಟ್, ಎರಡು ವರ್ಷ ದಾಟಿದರೆ ಮತ್ತೆ ಏನು ಮಾಡಿದರೂ ಪ್ರಯೋಜನವಿಲ್ಲ, ನೀವೇ ಕಾಲ ಕಳೆಯುತ್ತಿದ್ದೀರಿ ಎಂದರು. ಆ ಮಾತು ಎದೆಯಲ್ಲಿ ಕುಳಿತುಬಿಟ್ಟಿದೆ. ಇನ್ನು ಮನೆಯಲ್ಲಿ ಅತ್ತೆಯವರು, ಇಷ್ಟೆಲ್ಲ ಹಿಂಸೆ ಏಕೆ, ಎಣ್ಣೆ ಹಚ್ಚಿ ಎರೆದು ಸಾಂಬ್ರಾಣಿ ಹೊಗೆ ಕೊಟ್ಟರೆ ಮಗು ಗಟ್ಟಿಯಾಗುತ್ತದೆ ಎನ್ನುತ್ತಾರೆ. ಅವರು ಹೇಳುವುದು ಪ್ರೀತಿಯಿಂದಲೇ.

ಯಾವುದನ್ನು ಕಡಿಮೆ ಮಾಡಬಹುದು? ಹುಷಾರಿಲ್ಲದ ದಿನ ಎಲ್ಲವನ್ನೂ ಬಿಡಬೇಕೆ? ನಾನು ನಿಲ್ಲಿಸಿದ್ದರಿಂದಲೇ ಮಗಳು ನಡೆಯಲಿಲ್ಲ ಎಂದಾಗಿಬಿಟ್ಟರೆ ಎಂಬ ಭಯ ನನ್ನನ್ನು ಬಿಡುತ್ತಿಲ್ಲ.

ಮೈಸೂರಿನಿಂದ ಒಬ್ಬ ತಾಯಿ

ಸಹೋದರಿ, ನಿಮ್ಮ ಲೆಕ್ಕವನ್ನು ಓದಿ ನನ್ನ ಹಳೆಯ ನೋಟ್‌ಬುಕ್ ತೆಗೆದು ನೋಡಿದೆ. ನನ್ನ ಮಗ 28 ವಾರಕ್ಕೆ ಹುಟ್ಟಿದವನು, ಈಗ ಎಂಟು ವರ್ಷ. ಅವನಿಗೆ ಒಂದೂವರೆ ವರ್ಷವಾಗಿದ್ದಾಗ ನಾನು ಬರೆದಿಟ್ಟ ದಿನಚರಿ ನಿಮ್ಮದರಂತೆಯೇ ಇದೆ. ಅದರಲ್ಲಿ ಆಟ ಎಂಬ ಪದ ಎಲ್ಲಿಯೂ ಇಲ್ಲ.

ಒಂದು ಥೆರಪಿಯನ್ನೂ ತಪ್ಪಿಸದ ಆ ನಾಲ್ಕು ತಿಂಗಳಲ್ಲಿ ಅವನ ತೂಕ ನೂರು ಗ್ರಾಂ ಕೂಡ ಏರಲಿಲ್ಲ. ನಮ್ಮ ಮಕ್ಕಳ ವೈದ್ಯರು ತೂಕದ ಗೆರೆಯನ್ನು ತೋರಿಸಿ, ಸದ್ಯಕ್ಕೆ ಇವನ ಮೊದಲನೆಯ ಥೆರಪಿ ತೂಕ ಏರುವುದೇ, ಉಳಿದದ್ದೆಲ್ಲ ಅದರ ಹಿಂದೆ ಬರಲಿ ಎಂದರು. ವಾರಕ್ಕೆ ನಾಲ್ಕು ಇದ್ದದ್ದನ್ನು ಎರಡು ತಿಂಗಳ ಮಟ್ಟಿಗೆ ಒಂದಕ್ಕೆ ಇಳಿಸಿದೆವು. ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಅಷ್ಟು ಅಪರಾಧಿಭಾವ. ಆದರೆ ಆ ಎರಡು ತಿಂಗಳಲ್ಲಿ ಅವನು ಮುಕ್ಕಾಲು ಕಿಲೋ ಏರಿದ. ಯಾರೂ ಹಿಡಿಯದೆ, ಎರಡೂ ಕೈಗಳನ್ನು ಮುಂದಕ್ಕೆ ಊರಿಕೊಂಡು ಕೂತದ್ದೂ ಆಗಲೇ. ಎಲ್ಲ ಮಕ್ಕಳಿಗೂ ಹೀಗೇ ಆಗುತ್ತದೆ ಎಂದು ನಾನು ಹೇಳಲಾರೆ. ಉಸಿರಿಗೆ, ಜೀರ್ಣಕ್ಕೆ, ಬೆಳವಣಿಗೆಗೆ ಹೋಗಿ ಉಳಿದ ಶಕ್ತಿಯಲ್ಲಿ ಮಾತ್ರ ಮಗು ಕಲಿಯುತ್ತದೆ ಎಂಬುದನ್ನು ಮಾತ್ರ ಕಣ್ಣಾರೆ ಕಂಡೆ.

ಇನ್ನೊಂದು ವಿಷಯವನ್ನು ಸಂಕೋಚದಿಂದಲೇ ಕೇಳುತ್ತೇನೆ. 19 ತಿಂಗಳಾದರೂ ಮೂಗಿನ ನಳಿಕೆಯೇ ಇದ್ದರೆ, ಹೊಟ್ಟೆಗೆ ನೇರವಾಗಿ ಇಡುವ ಗ್ಯಾಸ್ಟ್ರಾಸ್ಟಮಿ ನಳಿಕೆಯ ಬಗ್ಗೆ ಯಾರಾದರೂ ನಿಮ್ಮೊಂದಿಗೆ ಮಾತನಾಡಿದ್ದಾರೆಯೆ? ನಾನು ಒಂದು ವರ್ಷ ಅದನ್ನು ಬೇಡವೆಂದೇ ಹಟ ಹಿಡಿದಿದ್ದೆ. ಹೊಟ್ಟೆಗೆ ತೂತು ಎಂದ ಕೂಡಲೇ ಇನ್ನೆಂದೂ ಬಾಯಿಂದ ಉಣ್ಣುವುದಿಲ್ಲ ಎಂದು ತಿಳಿದುಕೊಂಡಿದ್ದೆ. ಆದದ್ದು ತಿರುವುಮುರುವು. ಕೆನ್ನೆಯ ಮೇಲಿನ ಪ್ಲಾಸ್ಟರ್ ಹೋಯಿತು, ಗಂಟಲಲ್ಲಿ ಸದಾ ಉಜ್ಜುತ್ತಿದ್ದ ನಳಿಕೆ ಹೋಯಿತು, ಅದನ್ನು ಬದಲಿಸುವಾಗಿನ ಅಳು ಹೋಯಿತು. ಬಾಯಿಯೆಂದರೆ ನೋವಿನ ಜಾಗವಲ್ಲ ಎಂಬುದು ಅವನಿಗೆ ಮೆಲ್ಲಗೆ ಗೊತ್ತಾಯಿತು. ಮೊದಲು ನೆಕ್ಕಿದ್ದು ನನ್ನ ಬೆರಳಿಗೆ ಹತ್ತಿದ್ದ ತಿಳಿಸಾರನ್ನು. ನಾಲ್ಕೂವರೆ ವರ್ಷಕ್ಕೆ ಆ ನಳಿಕೆಯನ್ನೂ ತೆಗೆದರು. ಅರಿವಳಿಕೆ ಕೊಡುವಾಗ ಇಂಥ ಶ್ವಾಸಕೋಶಕ್ಕೆ ಅಪಾಯವಿರುವುದು ನಿಜ. ಆದ್ದರಿಂದ ಇದು ಶ್ವಾಸಕೋಶದ ವೈದ್ಯರು, ಶಸ್ತ್ರವೈದ್ಯರು ಮತ್ತು ನೀವು ಕೂಡಿ ನಿರ್ಧರಿಸಬೇಕಾದದ್ದು. ಕೇಳಿ ನೋಡುವುದರಿಂದ ನಷ್ಟವೇನೂ ಇಲ್ಲ.

ಒಬ್ಬ ಮಕ್ಕಳ ಫಿಸಿಯೋಥೆರಪಿಸ್ಟ್, ಬೆಂಗಳೂರು

ಅಮ್ಮ, ನಿಮ್ಮ ಮಗಳನ್ನು ನಾನು ನೋಡಿಲ್ಲ. ಅವಳನ್ನು ನೋಡುತ್ತಿರುವ ವೈದ್ಯರ ಮಾತೇ ಕೊನೆಯದು. ಆ ಎಚ್ಚರಿಕೆಯೊಂದಿಗೆ, ಹದಿನೈದು ವರ್ಷ ಇಂಥ ಮಕ್ಕಳೊಂದಿಗೆ ಕೆಲಸ ಮಾಡಿದವಳಾಗಿ ಬರೆಯುತ್ತಿದ್ದೇನೆ.

ಮೊದಲು ಎರಡು ವರ್ಷದ ಭಯದ ಬಗ್ಗೆ. ಬೇಗ ಆರಂಭಿಸಬೇಕೆಂಬುದು ನಿಜ, ಏಕೆಂದರೆ ಮೊದಲ ವರ್ಷಗಳಲ್ಲಿ ಮೆದುಳು ಹೊಸ ದಾರಿಗಳನ್ನು ಹೂಡಿಕೊಳ್ಳುವ ವೇಗ ಹೆಚ್ಚು. ಆದರೆ ಎರಡನೆಯ ಹುಟ್ಟುಹಬ್ಬದಂದು ಬಾಗಿಲು ಮುಚ್ಚುತ್ತದೆ ಎಂಬುದು ಸುಳ್ಳು. ಸೆರೆಬ್ರಲ್ ಪಾಲ್ಸಿ, ಅಂದರೆ ಎಳವೆಯಲ್ಲಿ ಮೆದುಳಿಗೆ ಆದ ಪೆಟ್ಟಿನಿಂದ ಚಲನೆಯ ತೊಂದರೆ ಇರುವ ಮಕ್ಕಳ ಚಲನೆಯ ಬೆಳವಣಿಗೆಯನ್ನು ವರ್ಷಗಟ್ಟಲೆ ಅಳೆದು ಕೆನಡಾದಲ್ಲಿ ಮಾಡಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ತೊಂದರೆ ಹಗುರವಾಗಿರುವ ಮಕ್ಕಳು ತಮ್ಮ ಸಾಮರ್ಥ್ಯದ ಹತ್ತರಲ್ಲಿ ಒಂಬತ್ತು ಪಾಲನ್ನು ತಲುಪಲು ಸುಮಾರು 5 ವರ್ಷ ಹಿಡಿಯುತ್ತದೆ, ತೊಂದರೆ ತೀವ್ರವಾಗಿರುವವರು 3 ವರ್ಷದೊಳಗೆ ತಲುಪುತ್ತಾರೆ ಎಂದು ಅದು ತೋರಿಸಿತು. ಮಗು ಎಷ್ಟರಮಟ್ಟಿಗೆ ನಡೆಯುತ್ತದೆ ಎಂಬುದು ಬಹುಮಟ್ಟಿಗೆ ಮೆದುಳಿಗೆ ಆದ ಪೆಟ್ಟಿನ ಪ್ರಮಾಣವನ್ನು ಅವಲಂಬಿಸಿದೆಯೇ ಹೊರತು, ನ್ಯುಮೋನಿಯಾ ಬಂದಾಗ ತಪ್ಪಿದ ಮೂರು ವಾರಗಳನ್ನು ಅಲ್ಲ. ನಿಮಗೆ ಆ ಮಾತು ಹೇಳಿದವರು ಹಾಗೆ ಹೇಳಬಾರದಿತ್ತು.

ಇನ್ನು ನಿಮ್ಮ ಬರಹದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಬಸ್ಸಿನ ಪ್ರಯಾಣ. ಒಂದು ಗಂಟೆಗೂ ಹೆಚ್ಚು ಹೊತ್ತು ನಿದ್ದೆಗೆಡಿಸಿ ಕರೆತಂದ ಮಗು ಥೆರಪಿಯ ಚಾಪೆಯ ಮೇಲೆ ಮಲಗುವ ಹೊತ್ತಿಗೆ ಅದರ ಆ ದಿನದ ಶಕ್ತಿ ಮುಗಿದಿರುತ್ತದೆ. ಅವಳ ಅಳು ಹಟವಲ್ಲ. ಬಹುಶಃ ಇದನ್ನು ನೀವು ಅಲ್ಲಿನ ಯಾರಿಗೂ ಹೇಳಿಲ್ಲ, ಅವರೂ ಕೇಳಿಲ್ಲ. ದಯವಿಟ್ಟು ಹೇಳಿ. ನನ್ನ ಬಳಿ ಬಂದಿದ್ದರೆ ವಾರಕ್ಕೆ ಮೂರು ಪ್ರಯಾಣವನ್ನು ಒಂದಕ್ಕೆ ಇಳಿಸಿ, ಆ ಒಂದು ದಿನ ಮನೆಯವರು ಯಾರಾದರೂ ಸಿಲಿಂಡರ್ ಹಿಡಿದು ಜೊತೆಗೆ ಬರುವಂತೆ ಕೇಳಿಕೊಳ್ಳುತ್ತಿದ್ದೆ. ದಾರಿಯಲ್ಲಿ ಅವಳು ಆಮ್ಲಜನಕ ಹಾಕಿಕೊಂಡು ನಿದ್ದೆ ಮಾಡಿಕೊಂಡು ಬರಲಿ. ಉಳಿದ ದಿನಗಳಿಗೆ ವಿಡಿಯೋ ಕರೆಯಲ್ಲಿ ನೋಡಿ ತಿದ್ದಬಹುದು.

ಆಗ ವಾರದ ಉಳಿದ ಆರು ದಿನ ಏನು? ಪ್ರತ್ಯೇಕ ವ್ಯಾಯಾಮವೆಂದು ಅರ್ಧ ಗಂಟೆ ಚಾಪೆ ಹಾಸುವುದಕ್ಕಿಂತ, ಹೇಗಿದ್ದರೂ ಮಾಡುವ ಕೆಲಸಗಳೊಳಗೇ ಅದನ್ನು ಸೇರಿಸಿಬಿಡಿ. ನಮ್ಮಲ್ಲಿ ಮಗುವನ್ನು ಸೊಂಟದ ಮೇಲೆ ಎತ್ತಿಕೊಳ್ಳುವ ಪದ್ಧತಿಯಿದೆಯಲ್ಲ, ಎರಡು ಕಾಲುಗಳೂ ಅಗಲವಾಗಿ ನಿಮ್ಮ ಸೊಂಟವನ್ನು ಬಳಸಿರುತ್ತವೆ. ತೊಡೆ ಬಿಗಿಯಾಗಿರುವ ಮಗುವಿಗೆ ಅದೇ ದೀರ್ಘವಾದ, ನೋವಿಲ್ಲದ ಎಳೆತ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಎತ್ತಿಕೊಳ್ಳಿ. ಬಟ್ಟೆ ಹಾಕುವಾಗ ಮಲಗಿಸದೆ ನಿಮ್ಮ ತೊಡೆಯ ಮೇಲೆ ಕೂರಿಸಿಕೊಂಡು, ಅಂಗಿಯ ತೋಳಿಗೆ ಕೈಯನ್ನು ಅವಳೇ ತೂರಿಸುವವರೆಗೆ ಹತ್ತು ಕ್ಷಣ ಕಾಯಿರಿ. ನಳಿಕೆಯಿಂದ ಆಹಾರ ಇಳಿಯುವ ಹೊತ್ತಿನಲ್ಲಿ ಗೋಡೆಯ ಮೂಲೆಗೆ ದಿಂಬು ಕೊಟ್ಟು ಕೂರಿಸಿ, ಎದುರಿಗೆ ಸ್ಟೀಲ್ ಬಟ್ಟಲು, ಚಮಚ ಇಟ್ಟರೆ ಕೂರುವ ಅಭ್ಯಾಸ, ಕೈಯ ಕೆಲಸ, ಊಟದೊಂದಿಗಿನ ಗೆಳೆತನ ಮೂರೂ ಒಟ್ಟಿಗೆ ನಡೆಯುತ್ತವೆ. ಬೋರಲು ಮಲಗಿಸುವುದು ಮಾತ್ರ ಹೊಟ್ಟೆ ಹಗುರವಾಗಿರುವಾಗ, ಅಂದರೆ ಆಹಾರಕ್ಕೆ ಮುಂಚೆ. ಹೀಗೆ ಮಾಡಿದರೆ ನಿಮ್ಮ ಲೆಕ್ಕದ ಏಳು ಗಂಟೆಯಲ್ಲಿ ಎರಡು ಗಂಟೆಯಾದರೂ ಉಳಿಯುತ್ತದೆ. ಬಾಯಿಯ ವ್ಯಾಯಾಮವನ್ನು ದಿನಕ್ಕೆ ಆರು ಸಲ ಮಾಡಲೇಬೇಕೆ ಎಂದು ಆ ಥೆರಪಿಸ್ಟ್‌ರನ್ನೇ ಕೇಳಿ. ಮುಖ ತಿರುಗಿಸುವ ಮಗುವಿನ ಬಾಯಿಗೆ ಬೆರಳು ಹಾಕಿದರೆ ಬಾಯಿಯ ಭಯ ಹೆಚ್ಚುತ್ತದೆಯೇ ಹೊರತು ನುಂಗುವುದು ಬರುವುದಿಲ್ಲ.

ಹುಷಾರಿಲ್ಲದ ದಿನದ ಬಗ್ಗೆ. ಜ್ವರವಿದ್ದರೆ, ಎಚ್ಚರದಲ್ಲೂ ಆಮ್ಲಜನಕ ಬೇಕಾಗುತ್ತಿದ್ದರೆ, ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಸೆಳೆಯುತ್ತಿದ್ದರೆ, ಮೂಗಿನ ಹೊಳ್ಳೆ ಅರಳುತ್ತಿದ್ದರೆ, ಅಂದು ಚಲನೆಯ ಥೆರಪಿ ಬೇಡ. ಇವು ವೈದ್ಯರಿಗೆ ತಿಳಿಸಬೇಕಾದ ಲಕ್ಷಣಗಳು. ತುಟಿಯ ಸುತ್ತ ನೀಲಿ ಬಣ್ಣ ಕಂಡರಂತೂ ಕಾಯದೆ ಆಸ್ಪತ್ರೆಗೆ ಹೊರಡಿ. ಅಂಥ ದಿನಗಳಲ್ಲಿ ಮೈ ಒತ್ತದಂತೆ ಮಲಗುವ ಮಗ್ಗುಲು ಬದಲಿಸುವುದು, ಮಾತನಾಡಿಸುವುದು, ಎತ್ತಿಕೊಳ್ಳುವುದು ಸಾಕು. ಬರೀ ನೆಗಡಿಯಿದ್ದು ಆಡುತ್ತಿದ್ದರೆ ಅರ್ಧದಷ್ಟು ಮಾಡಿ. ಕಾಯಿಲೆ ಬಿಟ್ಟ ಮೇಲೆ ಒಮ್ಮೆಗೇ ಹಳೆಯ ವೇಗಕ್ಕೆ ಹೋಗದೆ, ಹಣೆ ಬೆವರುತ್ತದೆಯೇ, ಮುಖ ಬೇರೆಡೆಗೆ ತಿರುಗಿಸುತ್ತಾಳೆಯೇ, ಬಿಕ್ಕಳಿಕೆ ಬರುತ್ತದೆಯೇ ಎಂದು ನೋಡುತ್ತಾ ಏರಿಸಿ. ಸಾಕು ಎಂದು ಅವಳು ಹೇಳುವ ಬಗೆ ಅದು.

ಕಡಿಮೆ ಮಾಡುವ ಭರದಲ್ಲಿ ಬಿಡಲೇಬಾರದ್ದು ಮೂರಿವೆ. ಇಷ್ಟು ಬೇಗ ಹುಟ್ಟಿದ ಮಗುವಿನ ಕಣ್ಣಿನ ತಪಾಸಣೆ ಎನ್‌ಐಸಿಯುವಿನೊಂದಿಗೆ ಮುಗಿಯುವುದಿಲ್ಲ, ಮುಂದೆ ದೃಷ್ಟಿದೋಷ ಮತ್ತು ಮೆಳ್ಳೆಗಣ್ಣು ಬರುವ ಸಾಧ್ಯತೆ ಹೆಚ್ಚು. ಶಬ್ದಕ್ಕೆ ಕಿವಿಯ ನರ, ಮೆದುಳು ಸ್ಪಂದಿಸುವುದನ್ನು ಅಳೆಯುವ ಬೇರಾ ಪರೀಕ್ಷೆ ಆಗಿರದಿದ್ದರೆ ಮಾಡಿಸಿ. ಕಾಲು ಬಿಗಿಯಿರುವುದರಿಂದ ಸೊಂಟದ ಕೀಲು ಜಾರುತ್ತಿದೆಯೇ ಎಂದು ನೋಡಲು ಎಕ್ಸ್-ರೇ ಯಾವಾಗ ಬೇಕೆಂದು ಮೂಳೆಯ ವೈದ್ಯರನ್ನು ಕೇಳಿ. ಮೊದಮೊದಲು ನೋವೇ ಇರುವುದಿಲ್ಲವಾದ್ದರಿಂದ ಅದು ತಾನಾಗಿ ಗೊತ್ತಾಗದು. ಯಾರಾದರೂ ಚಕ್ರದ ವಾಕರ್ ತಂದುಕೊಟ್ಟರೆ ಅದರಲ್ಲಿ ಕೂರಿಸಬೇಡಿ. ತುದಿಗಾಲಿನಲ್ಲಿ ತಳ್ಳುವ ಅಭ್ಯಾಸ ಬಲಿಯುತ್ತದೆ, ಮಗು ಬೀಳುವ ಅಪಾಯವೂ ಇದೆ. ಕೆನಡಾದಲ್ಲಿ 2004ರಿಂದ ಅದರ ಮಾರಾಟವನ್ನೇ ನಿಷೇಧಿಸಿದ್ದಾರೆ.

ತಿಪಟೂರಿನ ಅಜ್ಜಿ

ನನ್ನ ಮೊಮ್ಮಗಳ ಫೋನಿನಿಂದ ಬರೆಸುತ್ತಿದ್ದೇನೆ. ಮಗಳೇ, ನಿನ್ನ ಅತ್ತೆಯಂತೆಯೇ ನಾನೂ ಇದ್ದವಳು. ನನ್ನ ಮಗಳ ಮಗು ಆಮ್ಲಜನಕದೊಂದಿಗೆ ಮನೆಗೆ ಬಂದಾಗ, ನಾಲ್ಕು ಮಕ್ಕಳನ್ನು ಎರೆದು ಬೆಳೆಸಿದ ಕೈ ಇದು, ನನಗೆ ಯಾರು ಹೇಳಿಕೊಡಬೇಕು ಎಂದುಕೊಂಡಿದ್ದೆ. ಒಂದು ದಿನ ಸ್ನಾನದ ನಂತರ ಸಾಂಬ್ರಾಣಿ ಹಿಡಿದೆ. ಆ ಕೂಸು ಕೆಮ್ಮಿ ಕೆಮ್ಮಿ ಎರಡು ದಿನ ಆಸ್ಪತ್ರೆ ಸೇರಿತು. ಅಲ್ಲಿನ ವೈದ್ಯರು ನನ್ನನ್ನು ಬೈಯಲಿಲ್ಲ. ಅಮ್ಮ, ಹೊಗೆ ಯಾವುದಾದರೂ ಈ ಶ್ವಾಸಕೋಶಕ್ಕೆ ಒಂದೇ, ಸಾಂಬ್ರಾಣಿಯೂ ಬೀಡಿಯೂ ಒಲೆಯೂ ಸೊಳ್ಳೆಬತ್ತಿಯೂ, ಮೇಲಾಗಿ ಆಮ್ಲಜನಕ ಹರಿಯುವಲ್ಲಿ ಕೆಂಡ ಇಟ್ಟರೆ ಬೆಂಕಿ ಹತ್ತಿಕೊಂಡೀತು ಎಂದು ಕೂರಿಸಿ ತಿಳಿಸಿದರು. ಮೂಗಿಗೆ, ಬಾಯಿಗೆ ಎಣ್ಣೆ ಬಿಡಬಾರದು, ಅದು ಎದೆಗೆ ಇಳಿಯುತ್ತದೆ ಎಂದೂ ಹೇಳಿದರು. ಒಳಲೆಯಲ್ಲಿ ಹಾಲು ಹೊಯ್ಯುವುದನ್ನೂ ಅಂದೇ ಬಿಟ್ಟೆ.

ಆದರೆ ಎಣ್ಣೆ ಹಚ್ಚಬೇಡಿ ಎಂದು ಅವರು ಅನ್ನಲಿಲ್ಲ. ಬೆಚ್ಚಗಿನ ಕೈಯಿಂದ, ಎಳೆಯದೆ, ಒತ್ತದೆ, ಎಷ್ಟು ಹೊತ್ತು ಬೇಕಾದರೂ ಹಚ್ಚಿ ಎಂದರು. ಮುಖದ ಪ್ಲಾಸ್ಟರ್ ಸುತ್ತ ಮಾತ್ರ ಎಣ್ಣೆ ತಾಗಬಾರದು, ನಳಿಕೆ ಜಾರುತ್ತದೆ. ನಿನ್ನ ಅತ್ತೆಗೆ ಆ ಕೆಲಸವನ್ನೇ ಪೂರ್ತಿ ಒಪ್ಪಿಸಿಬಿಡು. ಒಂದು ಸಲ ಥೆರಪಿಗೆ ಅವರನ್ನೇ ಕರೆದುಕೊಂಡು ಹೋಗು. ಬೇಡ ಎಂದು ನೀನು ಹೇಳಿದರೆ ಸೊಸೆಯ ಮಾತಾಗುತ್ತದೆ, ಅಲ್ಲಿಯವರು ಹೀಗೆ ಹಿಡಿಯಿರಿ ಎಂದು ಕೈಹಿಡಿದು ತೋರಿಸಿದರೆ ಅದು ಅವರ ವಿದ್ಯೆಯಾಗುತ್ತದೆ.

ನ್ಯೂಜೆರ್ಸಿಯಲ್ಲಿರುವ ಕನ್ನಡಿಗ ತಂದೆ

ಮೇಲಿನ ಥೆರಪಿಸ್ಟ್ ಹೇಳಿದ್ದಕ್ಕೆ ನನ್ನ ಅನುಭವವನ್ನೂ ಸೇರಿಸುತ್ತೇನೆ. ಅಮೆರಿಕದಲ್ಲಿ ಹುಟ್ಟಿನಿಂದ 3 ವರ್ಷದವರೆಗಿನ ಇಂಥ ಮಕ್ಕಳಿಗೆ ಕಾನೂನಿನಡಿ ಸೇವೆ ಸಿಗುತ್ತದೆ, ಥೆರಪಿಸ್ಟ್‌ಗಳು ಬಹುತೇಕ ಮನೆಗೇ ಬರುತ್ತಾರೆ. ನಮ್ಮ ಮನೆಗೆ ಬಂದವರು ವಾರಕ್ಕೆ ಒಂದು ಗಂಟೆ ಮಾತ್ರ ಇರುತ್ತಿದ್ದರು, ಅದರಲ್ಲಿ ಹೆಚ್ಚಿನ ಹೊತ್ತು ಮಗುವನ್ನು ಮುಟ್ಟದೆ ನಮ್ಮ ಕೈ ಹೇಗೆ ಹಿಡಿಯುತ್ತಿದೆ ಎಂಬುದನ್ನೇ ತಿದ್ದುತ್ತಿದ್ದರು. ಮೊದಮೊದಲು ಇವರೇನೂ ಮಾಡುತ್ತಿಲ್ಲವಲ್ಲ ಎಂದು ನನಗೆ ಅಸಮಾಧಾನವಾಗಿತ್ತು. ವಾರದ ಉಳಿದ ಗಂಟೆಗಳೆಲ್ಲ ನಮ್ಮ ಕೈಯಲ್ಲಿವೆ ಎಂಬುದು ಆಮೇಲೆ ಅರ್ಥವಾಯಿತು.

ಹಾಸನದ ಒಬ್ಬ ತಂದೆ

ನಾನು ಕಾಗದಪತ್ರ ಮತ್ತು ಓಡಾಟದ ಬಗ್ಗೆ ಮಾತ್ರ ಬರೆಯುತ್ತೇನೆ, ನಮ್ಮ ಮನೆಯಲ್ಲಿ ನನ್ನ ಪಾಲಿಗೆ ಬಂದದ್ದು ಅದೇ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಡಿಇಐಸಿ ಎಂಬ ಕೇಂದ್ರಗಳನ್ನು ತೆರೆದಿದ್ದಾರೆ. ಮಕ್ಕಳ ವೈದ್ಯರು, ಫಿಸಿಯೋ, ಮಾತಿನ ಥೆರಪಿ, ಕಣ್ಣು, ಕಿವಿ ಎಲ್ಲವೂ ಒಂದೇ ಸೂರಿನಡಿ, ಉಚಿತವಾಗಿ ಸಿಗಬೇಕೆಂಬುದು ಅದರ ಉದ್ದೇಶ. ಎಲ್ಲ ಹುದ್ದೆಗಳೂ ಎಲ್ಲ ಕಾಲದಲ್ಲೂ ತುಂಬಿರುವುದಿಲ್ಲವಾದ್ದರಿಂದ, ಯಾವ ದಿನ ಯಾರಿರುತ್ತಾರೆ ಎಂದು ಫೋನ್ ಮಾಡಿ ಕೇಳಿಕೊಂಡು ಹೋಗಿ. ಒಂದೇ ಕಡೆ, ಒಂದೇ ದಿನ ಆದರೆ ನಿಮ್ಮ ಮೂರು ಪ್ರಯಾಣ ಒಂದಾಗುತ್ತದೆ. ನುಂಗುವ ತೊಂದರೆಗೆ ಮತ್ತು ಬೇರಾ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆ ಹೋಗಿ ಬರುವುದು ಒಳ್ಳೆಯದು. ಅರಸೀಕೆರೆಯಿಂದ ರೈಲಿನಲ್ಲಿ ಹೋದರೆ ಮಗುವನ್ನು ಮಲಗಿಸಿಕೊಂಡು, ಸಿಲಿಂಡರನ್ನು ಕಾಲಬಳಿ ಇಟ್ಟುಕೊಂಡು ಕೂರಬಹುದು. ಸಿಲಿಂಡರ್ ವೈದ್ಯಕೀಯ ಬಳಕೆಯದೆಂದು ವೈದ್ಯರ ಚೀಟಿ ಕೈಯಲ್ಲಿರಲಿ.

ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ವಿಷಯದಲ್ಲಿ ಬಹಳ ತಂದೆತಾಯಂದಿರು, ಮಗು ಮುಂದೆ ಸರಿಹೋಗಬಹುದು, ಈಗಲೇ ಏಕೆ ಹಣೆಪಟ್ಟಿ ಎಂದು ಹಿಂದೆ ಸರಿಯುತ್ತಾರೆ. ನಾನೂ ಎರಡು ವರ್ಷ ಕಳೆದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ, ಸೆರೆಬ್ರಲ್ ಪಾಲ್ಸಿಯೂ ಅವುಗಳಲ್ಲಿ ಒಂದು. ಪ್ರಮಾಣಪತ್ರವಿದ್ದರೆ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆಗೆ ಅರ್ಜಿ ಹಾಕಬಹುದು. ಅದರಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ರಕ್ಷಣೆಯಿದ್ದು, ಈಗಾಗಲೇ ಇರುವ ಕಾಯಿಲೆಯೆಂದು ತಳ್ಳಿಹಾಕುವುದಿಲ್ಲ. ಆಸ್ಪತ್ರೆಗೆ ಸೇರದೆ ಪಡೆಯುವ ಥೆರಪಿಯ ಖರ್ಚಿಗೂ ಅದರೊಳಗೊಂದು ಮಿತಿಯವರೆಗೆ ಅವಕಾಶವಿದೆ. ನಿಮ್ಮ ಯಜಮಾನರು ಆದಾಯ ತೆರಿಗೆಯನ್ನು ಹಳೆಯ ಪದ್ಧತಿಯಲ್ಲಿ ಕಟ್ಟುತ್ತಿದ್ದರೆ 80ಡಿಡಿ ಕಲಂನಡಿ 75,000 ರೂಪಾಯಿ, ವೈಕಲ್ಯ ತೀವ್ರವಿದ್ದರೆ 1,25,000 ರೂಪಾಯಿ ಕಡಿತ ಸಿಗುತ್ತದೆ.

ಅರಸೀಕೆರೆಯ ತಾಯಿ

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ತಿಳಿಯುತ್ತಿಲ್ಲ. ನಿನ್ನೆ ಸೋಮವಾರ ನಮ್ಮ ಯಜಮಾನರು ಅರ್ಧ ದಿನ ರಜೆ ಹಾಕಿ ಸಿಲಿಂಡರ್ ಹಿಡಿದು ಬಂದರು, ಅತ್ತೆಯವರೂ ಬಂದರು. ದಾರಿಯುದ್ದಕ್ಕೂ ಮಗಳು ನಿದ್ದೆ ಮಾಡಿದಳು. ಇಷ್ಟು ದಿನ ಅವಳನ್ನು ಎಚ್ಚರವಾಗಿಟ್ಟು ಕರೆತರುತ್ತಿದ್ದೆ ಎಂದು ಹೇಳಿದಾಗ ಫಿಸಿಯೋಥೆರಪಿಸ್ಟ್ ಸ್ವಲ್ಪ ಹೊತ್ತು ಸುಮ್ಮನಾದರು. ಗುರುವಾರದ್ದನ್ನು ವಿಡಿಯೋದಲ್ಲಿ ಮಾಡೋಣ ಎಂದು ಅವರೇ ಹೇಳಿದರು. ಶನಿವಾರದ್ದನ್ನು ಸೋಮವಾರಕ್ಕೆ ಸೇರಿಸಲಾಗುತ್ತದೆಯೇ ಎಂದು ವಿಚಾರಿಸುತ್ತಿದ್ದೇವೆ. ಗ್ಯಾಸ್ಟ್ರಾಸ್ಟಮಿಯ ಬಗ್ಗೆ ಮುಂದಿನ ತಿಂಗಳು ವೈದ್ಯರೊಂದಿಗೆ ಮಾತನಾಡುತ್ತೇನೆ, ಇನ್ನೂ ಭಯವಿದೆ. ತೊಡೆಯನ್ನು ಹೇಗೆ ಹಿಡಿದು ಎಣ್ಣೆ ಹಚ್ಚಬೇಕೆಂದು ಅತ್ತೆಯವರು ಎರಡು ಸಲ ಕೇಳಿ ತಿಳಿದುಕೊಂಡರು. ಸಾಂಬ್ರಾಣಿಯ ಮಾತು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಇನ್ನೊಂದು ಸಣ್ಣ ಪ್ರಶ್ನೆ. ನೆಬ್ಯುಲೈಸರ್ ಕೊಟ್ಟ ಕೂಡಲೇ ಕೂರಿಸಿ ಆಡಿಸಬಹುದೆ?

ಒಬ್ಬ ಮಕ್ಕಳ ಫಿಸಿಯೋಥೆರಪಿಸ್ಟ್, ಬೆಂಗಳೂರು

ಯಾವ ಔಷಧಿ ಎಂಬುದರ ಮೇಲೆ ಅದು ಹೋಗುತ್ತದೆ. ಸಾಲ್ಬ್ಯುಟಮಾಲ್ ಆಗಿದ್ದರೆ ಎದೆ ಬಡಿತ ಸ್ವಲ್ಪ ಹೊತ್ತು ಹೆಚ್ಚಾಗುತ್ತದೆ, ಕೆಲವು ಮಕ್ಕಳ ಕೈ ನಡುಗುತ್ತದೆ. ಹದಿನೈದು, ಇಪ್ಪತ್ತು ನಿಮಿಷ ತೊಡೆಯ ಮೇಲೆ ಸುಮ್ಮನೆ ಕೂರಿಸಿಕೊಂಡಿದ್ದು, ಉಸಿರು ಹಗುರವಾದ ಮೇಲೆ ಆಡಿಸಿ. ಸ್ಟೀರಾಯ್ಡ್ ಔಷಧಿಯಾಗಿದ್ದರೆ ಮೊದಲು ಮುಖ ಒರೆಸಿ, ಒದ್ದೆ ಬಟ್ಟೆಯಿಂದ ಬಾಯಿಯೊಳಗೂ ಒಮ್ಮೆ ಸವರಿ. ಗುರುವಾರದ ವಿಡಿಯೋ ಕರೆಯನ್ನು ಅವಳು ನಿದ್ದೆಯಿಂದೆದ್ದು, ಆಹಾರಕ್ಕೆ ಇನ್ನೂ ಅರ್ಧ ಗಂಟೆಯಿರುವ ಹೊತ್ತಿಗೆ ಇಟ್ಟುಕೊಳ್ಳಿ.